ಕೆಂಪಿ ಹಂದಿಯ ಒದ್ದೆ ಮೂಲೆ

ಬಹಳ ಹಿಂದೆ, ಏಳು ಬೆಟ್ಟಗಳಾಚೆಯ ಒಂದು ರಾಜ್ಯದಲ್ಲಿ ವಕ್ರದಂತನೆಂಬ ಮಾಂತ್ರಿಕನಿದ್ದ. ಹತ್ತು ಹಂದಿ ಹಿಡಿಸುವ ದೊಡ್ಡಿಗೆ ಮಂತ್ರ ಹಾಕಿ, ರಾಜನ ಮುನ್ನೂರು ಹಂದಿಗಳನ್ನು ತುರುಕಿದ. ತಿರುಗಲೂ ಜಾಗವಿಲ್ಲ. ನಿಂತಲ್ಲೇ ಹೇಲು, ಅದರ ಮೇಲೆಯೇ ನಿದ್ದೆ. ಆ ಹೇಸಿಗೆ ಹೊಳೆಗೆ ಹರಿಯಿತು. ಊರು ಕಾಯಿಲೆ ಬಿತ್ತು.

"ಹಂದಿಯ ಹುಟ್ಟೇ ಹೇಸಿಗೆ, ಪ್ರಭು. ಎಲ್ಲವನ್ನೂ ಸುಟ್ಟುಬಿಡೋಣ," ಎಂದ ಮಾಂತ್ರಿಕ.

ಇದನ್ನು ಕೇಳಿ ಹಂದಿ ಕಾಯುವ ದುರುಗಿಗೆ ಮೈಯೆಲ್ಲ ಉರಿಯಿತು. ಕೆಂಪಿ ಎಂಬ ಹಂದಿಯನ್ನು ಅವಳೇ ಗಂಜಿ ಕುಡಿಸಿ ಬೆಳೆಸಿದ್ದಳು. ಸೀದಾ ಆಸ್ಥಾನಕ್ಕೆ ನುಗ್ಗಿದಳು.

"ಮಹಾಸ್ವಾಮಿ, ಜಾಗ ಕೊಟ್ಟರೆ ಹಂದಿ ಮಲಗುವ ಕಡೆ ಹೇಸಿಗೆ ಮಾಡುವುದಿಲ್ಲ. ಅದಕ್ಕೇ ಅಂತ ಒಂದು ಮೂಲೆ ಇಟ್ಟುಕೊಳ್ಳುತ್ತದೆ. ಹೊಲಸು ಹಂದಿಯದಲ್ಲ, ಇವನದು!"

"ಮೂರು ದೊಡ್ಡಿಗಳಲ್ಲಿ ತೋರಿಸು," ಎಂದ ರಾಜ. "ಒಂದರಲ್ಲಿ ಸೋತರೂ ಹಂದಿಗಳಿಗೆ ಬೆಂಕಿ, ನಿನಗೆ ಗಡೀಪಾರು."

ಮೊದಲನೆಯದು ಬರೀ ಕಲ್ಲುನೆಲ. ದುರುಗಿ ಒಂದು ಮೂಲೆಗೆ ಒಂದು ಕೊಡ ನೀರು ಸುರಿದಳು, ಎದುರು ಮೂಲೆಗೆ ಹುಲ್ಲು ಹಾಸಿದಳು, ಆಮೇಲೆ ಹಂದಿಗಳನ್ನು ಬಿಟ್ಟಳು. ಕೆಂಪಿ ಮೂಸುತ್ತಾ ಒದ್ದೆ ಮೂಲೆಗೆ ಹೋಗಿ ಕೆಲಸ ಮುಗಿಸಿ, ಹುಲ್ಲಿಗೆ ಬಂದು ಮಲಗಿತು. ಉಳಿದವೂ ಹಾಗೆಯೇ ಮಾಡಿದವು.

ಎರಡನೆಯದರಲ್ಲಿ ಮಾಂತ್ರಿಕ ಉಫ್ ಎಂದು ಊದಿ ನೆಲವನ್ನೆಲ್ಲ ಒದ್ದೆ ಮಾಡಿದ. ದುರುಗಿ ಗೋಡೆಯ ಒಂದು ಮೂಲೆಯಿಂದ ಎರಡು ಕಲ್ಲು ಕಿತ್ತಳು. ತಣ್ಣನೆ ಗಾಳಿ ನುಗ್ಗಿತು. ಗಾಳಿ ಬೀಸುವ ಕಡೆ ಯಾರು ಮಲಗುತ್ತಾರೆ? ಕೆಂಪಿ ಹೇಲುವುದಕ್ಕೆ ಆ ಮೂಲೆಯನ್ನೇ ಆರಿಸಿತು.

ಮೂರನೆಯ ದೊಡ್ಡಿಯ ಬೇಲಿ ಮಂತ್ರದಿಂದ ಕುಗ್ಗುತ್ತಾ ಕುಗ್ಗುತ್ತಾ ಹಂದಿಗಳ ಮೈಗೆ ಅಂಟಿತು. ಕೆಂಪಿ ತಡೆದುಕೊಂಡಿತು, ಕಿರುಚಿತು, ಕೊನೆಗೆ ನಿಂತಲ್ಲೇ ಮಾಡಿತು.

"ಕಂಡಿರಾ!" ಮಾಂತ್ರಿಕ ಚಪ್ಪಾಳೆ ತಟ್ಟಿದ.

ದುರುಗಿಯ ಕಣ್ಣು ತುಂಬಿತು, ದನಿ ಮಾತ್ರ ನಡುಗಲಿಲ್ಲ. "ಕಂಡೆವು. ಸ್ವಾಮಿ, ಈಗ ಇವನನ್ನೂ ಅದೇ ಬೇಲಿಗೆ ಹಾಕಿ. ಅರಮನೆಯಲ್ಲಿ ಹೊಟ್ಟೆ ಬಿರಿಯ ಹೋಳಿಗೆ ಉಂಡಿದ್ದಾನೆ. ಇವನ ಹುಟ್ಟು ಎಂಥದೋ ನೋಡೋಣ!"

ರಾಜ ತಲೆಯಾಡಿಸಿದ. ಹಂದಿಗಳು ಹೊರಗೆ, ಮಾಂತ್ರಿಕ ಒಳಗೆ. ಬಿಸಿಲು ಇಳಿಯುವ ಹೊತ್ತಿಗೆ ಅವನ ಮುಖ ಬೆವರಿತು.

"ಪ್ರಭು, ಒಂದೇ ಗಳಿಗೆ, ಹೊರಗೆ ಹೋಗಿ ಬರುತ್ತೇನೆ..."

"ಅಲ್ಲೇ ಮಾಡಪ್ಪ," ಎಂದಳು ದುರುಗಿ. "ನೀನೇ ಕಟ್ಟಿದ್ದಲ್ಲವಾ?"

ಇನ್ನು ತಡೆಯಲಾರದೆ ಮಾಂತ್ರಿಕ ತನ್ನ ಮಂತ್ರದಂಡವನ್ನು ತಾನೇ ಲಟಕ್ಕನೆ ಮುರಿದ. ಬೇಲಿ ಪುಡಿಯಾಯಿತು. ಅವನ ಮಂತ್ರಗಳೆಲ್ಲ ಸತ್ತವು. ಪಂಚೆ ಹಿಡಿದು ಓಡಿದವನು ಮತ್ತೆ ಆ ನಾಡಿಗೆ ಕಾಲಿಡಲಿಲ್ಲ.

ಮುನ್ನೂರು ಹಂದಿಗಳಿಗೂ ವಿಶಾಲವಾದ ದೊಡ್ಡಿಗಳಾದವು, ದೊಡ್ಡಿಗೊಂದು ಒದ್ದೆ ಮೂಲೆಯಾಯಿತು. ಹೇಸಿಗೆ ಗುಂಡಿಯಲ್ಲಿ ಕೊಳೆತು ಗೊಬ್ಬರವಾಗಿ ರಾಗಿ ಹೊಲ ಸೇರಿತು. ಹೊಳೆ ತಿಳಿಯಾಯಿತು, ಊರು ಚೇತರಿಸಿಕೊಂಡಿತು. ರಾಜ ತಲೆತಗ್ಗಿಸಿ ಕೆಂಪಿಯ ಕ್ಷಮೆ ಕೇಳಲು ಬಂದ. ಕೆಂಪಿ ಒಣ ಹುಲ್ಲಿನ ಮೇಲೆ ಗೊರಕೆ ಹೊಡೆಯುತ್ತಿತ್ತು, ಏಳಲಿಲ್ಲ. ಅಂದಿನಿಂದ ಆ ನಾಡಿನಲ್ಲಿ ಎಲ್ಲರಿಗೂ ಅಂಥದೇ ನಿದ್ದೆ.