ಗಾಡಿಗೆ ನೀರು ಹೊಡೆಯಬೇಡಿ!

"ತಗೊಳ್ರಿ ನಿಮ್ಮ ಗಾಡೀನ!"

ಬೈಕಿನ ಕೀಲಿಕೈ ಮೇಜಿನ ಮೇಲೆ ಬಿದ್ದ ಸದ್ದಿಗೆ ಹಿರಿಯೂರಿನ ಆ ಶೋರೂಮಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮೇಜಿನ ಆಚೆ ಕೂತಿದ್ದ ಯುವಕ ಮಾತ್ರ ಕೀಲಿಕೈಯನ್ನು ನೋಡಲಿಲ್ಲ... ಅದನ್ನು ಎಸೆದವಳನ್ನು ನೋಡಿದ.

ಮುಖದ ತುಂಬ ಧೂಳು, ಸೊಂಟಕ್ಕೆ ಬಿಗಿದು ಕಟ್ಟಿದ ದುಪಟ್ಟಾ, ಹೆಗಲಲ್ಲಿ ಲಸಿಕೆಯ ಐಸ್ ಡಬ್ಬಿ. ಕೆಂಡ ಕಾರುವ ಕಣ್ಣು.

ಅವಳು ಹರಿಯಬ್ಬೆಯ ಉಚ್ಚಂಗಮ್ಮ. ಮುತ್ತಜ್ಜಿಯ ಹೆಸರನ್ನು ಹೊತ್ತವಳು, ಊರವರ ಬಾಯಲ್ಲಿ ಉಚ್ಚಂಗಿ. ಕುರಿ ಸಾಕುವವರ ಸಂಘದ ಪರವಾಗಿ ಹಟ್ಟಿಯಿಂದ ಹಟ್ಟಿಗೆ ಹೋಗಿ ಕುರಿಗಳಿಗೆ ಲಸಿಕೆ ಹಾಕುವುದು ಅವಳ ಕೆಲಸ. ಬಸ್ಸು ಹೋಗದ ದಾರಿಗಳಿಗೆಂದೇ ಹಠ ಹಿಡಿದು ಗೇರಿನ ಬೈಕು ಕೊಂಡಿದ್ದಳು. ಸೀಟಿನ ಪ್ಲಾಸ್ಟಿಕ್ ಹೊದಿಕೆ ತೆಗೆಯುವ ಮೊದಲೇ ಅದು ನಡುದಾರಿಯಲ್ಲಿ ನಿಲ್ಲುವ ಚಾಳಿ ಕಲಿತಿತ್ತು!

"ಕುಂತ್ಕಳ್ರಿ ಮೇಡಂ. ನಾನು ಚಿತ್ರಲಿಂಗ. ಸರ್ವಿಸ್ ಸೂಪರ್‌ವೈಸರ್, ಹೊಸದಾಗಿ ಬಂದೀನಿ. ಏನ್ ಕಂಪ್ಲೇಂಟ್ ಐತೆ?"

"ನಿಮ್ಮ ಹಳೇ ಸೂಪರ್‌ವೈಸರ್‌ಗೆ ಹೇಳಿ ಹೇಳಿ ನನ್ ಬಾಯಿ ಒಣಗೈತೆ. ಮನೆ ಬಿಟ್ಟು ಒಂದಷ್ಟು ದೂರ ಹೋಗ್ತಿದ್ದಂಗೆ ಕೆಮ್ಮಿ ಕೆಮ್ಮಿ ನಿಂತ್ಕಂತದೆ. ಹುಣಸೇಮರದ ಕೆಳಗೆ ಕುಂತು ಕಾಯ್ಬೇಕು. ಆಮ್ಯಾಕೆ ಏನೂ ಆಗಿಲ್ಲ ಅನ್ನಂಗೆ ಸ್ಟಾರ್ಟ್ ಆಗ್ತದೆ! ಪ್ಲಗ್ ಬದಲಾಯ್ಸಿದ್ರಿ, ಕಾರ್ಬುರೇಟರ್ ಬಿಚ್ಚಿದ್ರಿ, ವೈರೆಲ್ಲಾ ಕಿತ್ತಾಕಿದ್ರಿ. ಏನ್ ಬಂತು?"

"ನೋಡಾಣ ಮೇಡಂ. ಲೇ, ಮೊದ್ಲು ಈ ಗಾಡಿಗೆ ನೀರು ಹೊಡೀರಪ್ಪ!"

ಅಲ್ಲಿನ ಪದ್ಧತಿಯೇ ಅದು. ಎಂಥ ಗಾಡಿ ಬಂದರೂ ಮೊದಲು ಸ್ನಾನ, ಆಮೇಲೆ ಚಿಕಿತ್ಸೆ. ಧೂಳು ಮೆತ್ತಿದ ಗಾಡಿಗೆ ಮೆಕ್ಯಾನಿಕ್‌ಗಳು ಕೈ ಹಾಕುತ್ತಿರಲಿಲ್ಲ.

ತೊಳೆದ ಗಾಡಿಯನ್ನು ಚಿತ್ರಲಿಂಗ ತಾನೇ ಹೆದ್ದಾರಿಗೆ ಓಡಿಸಿಕೊಂಡು ಹೋದ. ಬಹಳ ಹೊತ್ತಾದ ಮೇಲೆ ತಲೆ ಕೆರೆದುಕೊಳ್ಳುತ್ತಾ ವಾಪಸು ಬಂದ.

"ಏನೂ ತೊಂದ್ರೆ ಇಲ್ಲ ಮೇಡಂ. ಚೆನ್ನಾಗಿ ಹೋಗ್ತೈತೆ."

ಒಳಗಿನ ಕೋಣೆಯಿಂದ ಮ್ಯಾನೇಜರ್ ರಂಗಪ್ಪನ ನಗು ಕೇಳಿಸಿತು. "ಹೆಣ್ಮಕ್ಳಿಗೆ ಗೇರ್ ಗಾಡಿ ಯಾಕ್ಬೇಕಿತ್ತು? ಓಡ್ಸಾಕೆ ಬರಲ್ಲ, ಗಾಡಿ ಸರಿ ಇಲ್ಲ ಅಂತಾರೆ!"

ಉಚ್ಚಂಗಿ ಚಿತ್ರಲಿಂಗನ ಮುಖ ನೋಡಿದಳು. ಒಂದು ಮಾತು... ಒಂದೇ ಒಂದು ಮಾತು ಆಡುತ್ತಾನೇನೋ ಎಂದು ಕಾದಳು. ಅವನು ತಲೆ ತಗ್ಗಿಸಿದ.

'ಎಲ್ಲಾ ಒಂದೇ ಜಾತಿ!' ಎಂದುಕೊಂಡು ಕೀಲಿಕೈ ಕಸಿದುಕೊಂಡು ಹೊರಟಳು. ಊರು ಮುಟ್ಟುವವರೆಗೂ ಗಾಡಿ ಎಲ್ಲೂ ನಿಲ್ಲಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟೇ ಬಂತು.

ಮರುದಿನ ಬೆಳಿಗ್ಗೆ ಅಜ್ಜಿ ಕಾಳಕ್ಕ ಎಂದಿನಂತೆ ಗಾಡಿಗೆ ಬೀರಪ್ಪ ದೇವರ ಭಂಡಾರದ ಅರಿಶಿನ ಹಚ್ಚಿ, ದೃಷ್ಟಿ ನಿವಾಳಿಸಿ ಕಳಿಸಿದಳು. ಹಾಗೆ ಮಾಡದೆ ಮೊಮ್ಮಗಳನ್ನು ಹೊಸಿಲು ದಾಟಲು ಬಿಟ್ಟವಳೇ ಅಲ್ಲ.

ಹಟ್ಟಿ ಇನ್ನೂ ದೂರವಿತ್ತು. ಗಾಡಿ ಕೆಮ್ಮಿತು... ನಿಂತಿತು.

"ಅಯ್ಯೋ ನಿನ್ ಮನೆ ಹಾಳಾಗ!" ಎಂದು ಅದನ್ನು ಒದ್ದಳು. ಅಲ್ಲಾಡಿಸಿದಳು. ಟ್ಯಾಂಕಿನೊಳಗೆ ಪೆಟ್ರೋಲು ಕುಲುಕುವ ಸದ್ದು ಕೇಳುತ್ತಿತ್ತು. ಮತ್ತೇನು ಬೇಕು ಈ ದರಿದ್ರಕ್ಕೆ?

ಹಟ್ಟಿ ಮುಟ್ಟುವಷ್ಟರಲ್ಲಿ ಡಬ್ಬಿಯ ಐಸು ಕರಗಿತ್ತು. ಲಸಿಕೆ ದಂಡ. ಕುರಿಗಾರ ಮಾರಪ್ಪ ಬೈಯಲಿಲ್ಲ, ಅದೇ ಅವಳನ್ನು ಹೆಚ್ಚು ನೋಯಿಸಿತು.

"ನಿನ್ ನೆಚ್ಕಂಡು ಕುರೀನ ಮೇಯಾಕೆ ಬಿಡದಂಗೆ ಕೂಡಾಕಿದ್ದೆ ಕಣವ್ವ. ಹೋಗ್ಲಿ ಬಿಡು, ಬ್ಯಾರೆ ಯಾರನ್ನಾದ್ರೂ ಕರೀತೀನಿ."

ಸುದ್ದಿ ಅಪ್ಪ ಹನುಮಂತಪ್ಪನ ಕಿವಿಗೂ ಬಿತ್ತು. "ಇನ್ನೊಂದ್ಸಲ ದಾರೀಲಿ ನಿಂತ್ರೆ ಗಾಡೀನೂ ಮಾರ್ತೀನಿ, ನಿನ್ ಕೆಲ್ಸಾನೂ ಬಿಡಿಸ್ತೀನಿ. ಹೆಣ್ಣುಡುಗಿ ಬಯಲಲ್ಲಿ ಒಂಟಿಯಾಗಿ ನಿಂತ್ಕಳಾದು ನನ್ ಕೈಲಿ ನೋಡಾಕಾಗಲ್ಲ!"

ಉಚ್ಚಂಗಿ ಹಿತ್ತಿಲಿಗೆ ಹೋಗಿ ಅತ್ತಳು. ಅತ್ತು ಮುಗಿಸಿ, ಕಣ್ಣೊರೆಸಿಕೊಂಡು, ಶೋರೂಮಿಗೆ ಫೋನ್ ಮಾಡಿ ಚಿತ್ರಲಿಂಗನಿಗೆ ಮನಸಾರೆ ಬೈದಳು. ಅವನು ಪೂರ್ತಿ ಕೇಳಿಸಿಕೊಂಡ.

"ಮುಗೀತಾ ಮೇಡಂ? ನಾಳೆ ನಂಗೆ ರಜ. ನಾನೇ ನಿಮ್ಮೂರಿಗೆ ಬರ್ತೀನಿ. ಅಲ್ಲೀ ತನಕ ಗಾಡಿಗೆ ಒಂದ್ ಹನಿ ನೀರೂ ಸೋಕಿಸ್ಬ್ಯಾಡ್ರಿ."

"ಯಾಕಂತೆ?"

"ನಾವು ತೊಳೆದ ಗಾಡೀನೇ ನೋಡಿರಾದು. ನಿಲ್ಲೋ ಗಾಡೀನ ಒಂದ್ಸಲಾನೂ ನೋಡಿಲ್ಲ."

ಮಾತಿಗೆ ತಪ್ಪದೆ ಬೆಳಗಿನ ಬಸ್ಸಿಗೇ ಬಂದಿಳಿದ. ಅಜ್ಜಿ ಅಂದೂ ಭಂಡಾರ ಹಚ್ಚಿ ನಿವಾಳಿಸಿದಳು. ಅವನು ಕೀಲಿಕೈಗೆ ಕೈ ಚಾಚಿದಾಗ ಉಚ್ಚಂಗಿ ಹಿಂದಿನ ಸೀಟು ತೋರಿಸಿದಳು.

"ಹಿಂದೆ ಕುಂತ್ಕಳ್ರಿ. ನನಗೆ ಓಡ್ಸಾಕೆ ಬರ್ತದೋ ಇಲ್ವೋ, ನೋಡೀರಂತೆ."

ಅಪ್ಪ ಜಗುಲಿಯಿಂದ ಗಂಟು ಮುಖ ಹಾಕಿಕೊಂಡು ನೋಡುತ್ತಿದ್ದ. ಇದೇ ಕೊನೇ ಸಲ ಎಂದು ಆ ಮುಖವೇ ಹೇಳುತ್ತಿತ್ತು. ಚಿತ್ರಲಿಂಗ ತೆಪ್ಪಗೆ ಹಿಂದೆ ಕೂತ.

ಕಲ್ಲು ದಾರಿಯಲ್ಲಿ ಅವಳು ಗೇರು ಬದಲಿಸುವ ರೀತಿ, ಹಳ್ಳದಲ್ಲಿ ಗಾಡಿ ಇಳಿಸಿ ಹತ್ತಿಸುವ ರೀತಿ ನೋಡಿ ಅವನಿಗೆ ತನ್ನ ಮೇಲೆಯೇ ನಾಚಿಕೆಯಾಯಿತು. ಅಷ್ಟರಲ್ಲಿ ಗಾಡಿ ಕೆಮ್ಮಿತು... ಅದೇ ಹುಣಸೇಮರದ ಹತ್ತಿರ ನಿಂತಿತು.

"ನೋಡಿದ್ರಾ? ಈಗ್ಲಾದ್ರೂ ನೋಡಿದ್ರಾ?" ಉಚ್ಚಂಗಿಯ ದನಿ ಒಡೆಯಿತು. "ಅವತ್ತು ನಿಮ್ಮ ಮ್ಯಾನೇಜರ್ ಹಂಗಂದಾಗ ನೀವು ತಲೆ ತಗ್ಗಿಸಿದ್ರಲ್ಲ... ಗಾಡಿ ನಿಂತಿದ್ದಕ್ಕಿಂತ ಅದೇ ನಂಗೆ ಸಂಕಟ ಆಗಿದ್ದು."

"ಗೊತ್ತು," ಎಂದ ಅವನು ಮೆಲ್ಲಗೆ. "ಹೊಸ ಕೆಲ್ಸ, ಹೆದರ್ಕಂಡೆ. ಅವತ್ತಿಂದ ಸರಿಯಾಗಿ ಊಟ ಸೇರಿಲ್ಲ. ನಿನ್ನೆ ಅವರ ಮುಂದೆ ನಿಂತು ಹೇಳ್ಬಿಟ್ಟೆ, ಆ ಹುಡುಗಿ ಸುಳ್ಳು ಹೇಳಲ್ಲ, ತಪ್ಪು ನಮ್ದೇ ಅಂತ. ತಪ್ಪಾಯ್ತು ಉಚ್ಚಂಗಿ."

ಮೇಡಂ ಹೋಗಿ ಉಚ್ಚಂಗಿ ಆಗಿತ್ತು! ಅವಳು ಅತ್ತ ತಿರುಗಿ ದುಪಟ್ಟಾದಿಂದ ಮುಖದ ಧೂಳು ಒರೆಸಿಕೊಂಡಳು.

ಪೆಟ್ರೋಲು ಎಷ್ಟಿದೆಯೆಂದು ನೋಡಲು ಅವನು ಟ್ಯಾಂಕಿನ ಮುಚ್ಚಳ ತೆರೆದ.

'ಬುಸ್ಸ್...'

ಇಬ್ಬರೂ ಬೆಚ್ಚಿದರು. ಗಾಳಿ ಒಳಗೆ ನುಗ್ಗಿದ ಸದ್ದು. ಉಚ್ಚಂಗಿ ಸರಕ್ಕನೆ ಕಿಕ್ ಹೊಡೆದಳು. ಗಾಡಿ ಒಂದೇ ಏಟಿಗೆ ಸ್ಟಾರ್ಟ್ ಆಯಿತು!

ಚಿತ್ರಲಿಂಗ ತನ್ನ ಬೆರಳು ನೋಡಿಕೊಂಡ. ಹಳದಿ. ಜಿಡ್ಡು ಜಿಡ್ಡು ಹಳದಿ.

"ಇದೇನಿದು?"

"ಭಂಡಾರ. ಗಾಳಿಗೆ ಹಾರಿಹೋಗ್ತದೆ ಅಂತ ಅಜ್ಜಿ ಹರಳೆಣ್ಣೇಲಿ ಕಲಸಿ ಹಚ್ತಾಳೆ. ಮುಚ್ಚಳ ಗಾಡೀ ನೆತ್ತಿಯಂತೆ..." ಎನ್ನುತ್ತಲೇ ಅವಳ ಬಾಯಿ ತೆರೆದಂತೆಯೇ ನಿಂತಿತು.

ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿತ್ತು. ಎಣ್ಣೆ ಭಂಡಾರ ಅದನ್ನು ಮೆತ್ತಿ ಮುಚ್ಚಿತ್ತು. ಒಳಗೆ ಗಾಳಿ ಹೋಗದೆ ಪೆಟ್ರೋಲು ಕೆಳಗಿಳಿಯುತ್ತಿರಲಿಲ್ಲ. ಹೊತ್ತು ಕಳೆದಂತೆ ಸಂದಿಯಿಂದ ಅಷ್ಟಿಷ್ಟು ಗಾಳಿ ಸೇರಿದರೆ ಮತ್ತೆ ಓಡುತ್ತಿತ್ತು. ಶೋರೂಮಿನವರು ಪ್ರತಿ ಸಲವೂ ಮೊದಲು ನೀರು ಹೊಡೆದು ರೋಗವನ್ನೇ ತೊಳೆದುಬಿಟ್ಟು, ಆಮೇಲೆ ಹುಡುಕುತ್ತಿದ್ದರು!

ಅವನಿಗೆ ನಗು ಉಕ್ಕಿತು. ಅವಳ ಕಣ್ಣು ತುಂಬಿದ್ದು ನೋಡಿ ನುಂಗಿಕೊಂಡ.

"ಅಜ್ಜಿಗೆ ಹೆಂಗ್ ಹೇಳ್ಲಿ? ನನ್ ಕಾಪಾಡ್ಲಿ ಅಂತ ಹಚ್ಚಿದ್ದೇ ನನ್ ಕೆಲ್ಸಕ್ಕೆ ಮುಳುವಾಯ್ತು ಅಂದ್ರೆ ಆಯಮ್ಮ ಕೊರಗಿಬಿಡ್ತಾಳೆ."

"ನಾನ್ ಹೇಳ್ತೀನಿ. ಹೊಸದುರ್ಗದಾಗೆ ನಮ್ಮ ಮನೇಲೂ ಬೀರಪ್ಪಂದೇ ಭಂಡಾರ. ನಮ್ಮವ್ವ ಸೈಕಲ್ಲಿಗೂ ಹಚ್ಚದೆ ಬಿಡಾಕಿಲ್ಲ!"

ಮನೆಗೆ ಮರಳಿದ ಮೇಲೆ ಅಂಗಳದಲ್ಲಿ ಅವನು ಕಾಳಕ್ಕನ ಕೈ ಹಿಡಿದು ಗಾಡಿಯ ಹತ್ತಿರ ಕರೆತಂದ.

"ಅಜ್ಜಿ, ಇದು ನೆತ್ತಿ ಅಲ್ಲ, ಮೂಗು. ಗಾಡಿ ಇಲ್ಲಿಂದ ಉಸಿರು ಎಳ್ಕಂತದೆ. ಹಣೆ ಮುಂದೆ ಐತೆ, ನೋಡ್ರಿ, ಲೈಟಿನ ಮ್ಯಾಲೆ."

ಅಜ್ಜಿ ಮುಚ್ಚಳ ನೋಡಿದಳು, ಮೊಮ್ಮಗಳನ್ನು ನೋಡಿದಳು. ಅವಳೇನು ದಡ್ಡಿಯೇ?

"ಹಂಗಾರೆ ಇಷ್ಟು ದಿನ ಅದರ ಉಸಿರು ಕಟ್ಟಿಸ್ತಿದ್ದೋಳು ನಾನೇನಪ್ಪ?"

"ಇಲ್ಲಜ್ಜಿ. ನಾವೂ ಸರಿಯಾಗಿ ನೋಡ್ಲಿಲ್ಲ. ಇಬ್ಬರದ್ದೂ ಅರ್ಧ ಅರ್ಧ."

ಕಾಳಕ್ಕ ನಿಟ್ಟುಸಿರು ಬಿಟ್ಟು ಲೈಟಿನ ಮೇಲೆ ಭಂಡಾರ ಇಟ್ಟಳು. ಬೆರಳಲ್ಲಿ ಉಳಿದದ್ದನ್ನು ಅವನ ಹಣೆಗೆ ಬಳಿದಳು. ಜಗುಲಿಯ ಮೇಲಿದ್ದ ಹನುಮಂತಪ್ಪ ಕೆಮ್ಮಿ, "ಊಟ ಮಾಡ್ಕಂಡು ಹೋಗಪ್ಪ" ಎಂದ. ಗಾಡಿ ಮಾರುವ ಮಾತು ಅಲ್ಲಿಗೆ ನಿಂತಿತು.

ಅಲ್ಲಿಂದ ಗಾಡಿ ಓಡಿದ್ದೇ ಓಡಿದ್ದು! ಐಸು ಕರಗಲಿಲ್ಲ. ಮಾರಪ್ಪನೂ ಮತ್ತೆ ಅವಳನ್ನೇ ಕರೆದ. ಉಚ್ಚಂಗಿಗೆ ಖುಷಿಯಾಗಬೇಕಿತ್ತು. ಆದರೆ ಹುಣಸೇಮರ ದಾಟುವಾಗಲೆಲ್ಲ ಏನೋ ಕಳೆದುಕೊಂಡ ಹಾಗೆ... ಹಿರಿಯೂರಿಗೆ ಹೋಗಲು ಒಂದು ನೆಪವೂ ಇಲ್ಲ!

'ಬೇಡ ಅಂದಾಗ ನಿಲ್ತಿದ್ದೆ. ಈಗ ಒಂದ್ಸಲ ನಿಂತ್ರೆ ನಿನ್ ಗಂಟೇನ್ ಹೋಗ್ತದೆ?' ಎಂದು ಗಾಡಿಯನ್ನೇ ಗದರಿದಳು. ಅದು ಕೇಳಲಿಲ್ಲ.

ಕೊನೆಗೆ ಅವಳೇ ಹೊರಟಳು.

ಶೋರೂಮಿನ ಮೇಜಿನ ಮೇಲೆ ಕೀಲಿಕೈ ಮತ್ತೆ ಧಡ್ಡನೆ ಬಿತ್ತು.

"ತಗೊಳ್ರಿ ನಿಮ್ಮ ಗಾಡೀನ!"

ಚಿತ್ರಲಿಂಗ ಗಾಬರಿಯಿಂದ ಎದ್ದ. "ಯಾಕೆ? ಮತ್ತೆ ನಿಂತಿತಾ?"

"ನಿಲ್ತಾನೇ ಇಲ್ಲ! ಅದೇ ಕಂಪ್ಲೇಂಟು."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ಮುಖ ಕೆಂಪಾಯಿತು. ಒಳಕೋಣೆಯಿಂದ ರಂಗಪ್ಪ ಇಣುಕಿದರೂ ಈ ಸಲ ಅವನು ತಲೆ ತಗ್ಗಿಸಲಿಲ್ಲ.

"ನಾನೇ ಬರ್ಬೇಕು ಅಂತಿದ್ದೆ ಉಚ್ಚಂಗಿ... ಯಾವ ನೆಪ ಹೇಳ್ಕಂಡು ಬರ್ಲಿ ಅಂತ ಗೊತ್ತಾಗ್ಲಿಲ್ಲ."

"ನೆಪ ಅಜ್ಜಿ ಕೊಟ್ಟವ್ಳೆ. ರಜದ ದಿನ ನಿಮ್ಮವ್ವನ್ನ ಕರ್ಕಂಡು ಬರ್ಬೇಕಂತೆ."

"ಅಜ್ಜಿ ಹೇಳಿದ್ದು ಆಯ್ತು. ನೀನೇನ್ ಹೇಳ್ತೀಯ?"

ಉಚ್ಚಂಗಿ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಸಿಟ್ಟು ಮಾಡಿಕೊಳ್ಳಲು ನೋಡಿದಳು, ಬರಲಿಲ್ಲ.

"ಇಷ್ಟು ದೂರ ಓಡಿಸ್ಕಂಡು ಬಂದೀನಿ. ಇನ್ನೇನ್ ಹೇಳ್ಬೇಕು?"

ಅವನು ನಗುತ್ತಾ ಹೊರಗೆ ನಿಂತಿದ್ದ ಬೈಕಿನ ಕಡೆ ನೋಡಿದ. ಲೈಟಿನ ಮೇಲೆ ಅಜ್ಜಿಯ ಹಳದಿ ಬೊಟ್ಟು.

"ಧೂಳಾಗೈತೆ. ನೀರು ಹೊಡಿಸ್ಲಾ?"

"ಮುಟ್ಟೀರಾ ಜೋಕೆ!" ಎಂದಳು ಉಚ್ಚಂಗಿ. "ಬರ್ರಿ, ಹಿಂದೆ ಕುಂತ್ಕಳ್ರಿ."