ಮೇಸ್ತ್ರಿ ಬರೆಸಿದ ಹೆಸರು

ಫೋನು ಬಂದಾಗ ಟೈಲರಕ್ಕ ಒಂದು ಯೂನಿಫಾರ್ಮಿಗೆ ಕಾಲರ್ ಕೂರಿಸುತ್ತಿದ್ದಳು. ಬಾಯಲ್ಲಿ ಎರಡು ಗುಂಡುಸೂಜಿ.

“ನೀವು ಮೇಸ್ತ್ರಿಯವರ ಕಡೆಯವರಾ? ನಾನು ಆಸ್ಪತ್ರೆಯಿಂದ ಸಿಸ್ಟರ್. ಮುಂದೆ ಅವರಿಗೆ ಮಾತಾಡೋಕಾಗದೆ ಹೋದ್ರೆ, ಅವರ ಪರವಾಗಿ ತೀರ್ಮಾನ ತಗೊಳ್ಳೋರು ಯಾರು ಅನ್ನೋ ಕಡೆ ನಿಮ್ಮ ಹೆಸರು ಬರೆಸಿದ್ದಾರೆ. ಬಂದು ಒಂದು ಸಹಿ ಹಾಕ್ತೀರಾ?”

ಅವಳು ಸೂಜಿಗಳನ್ನು ಬಾಯಿಂದ ತೆಗೆದಳು. “ಯಾವ ಮೇಸ್ತ್ರಿ?”

ಕೇಳಿದ್ದು ಸುಮ್ಮನೆ. ಅವಳ ಪಾಲಿಗೆ ಇಡೀ ಊರಿಗೆ ಇದ್ದದ್ದು ಒಬ್ಬರೇ ಮೇಸ್ತ್ರಿ. ಎದುರು ಕಟ್ಟಡದ ಮೂರನೇ ಮಹಡಿಯವರು. ಹಡಗು ರಿಪೇರಿ ಯಾರ್ಡಿನಲ್ಲಿ ಉಗಿ ಕೊಳವೆಗಳಿಗೆ ಆಸ್ಬೆಸ್ಟಾಸ್ ಹೊದಿಕೆ ಸುತ್ತುವುದು, ಹಳೆಯದನ್ನು ಕಿತ್ತು ಹಾಕುವುದು, ಇದೇ ಅವರ ಕೆಲಸ. ಆ ಕೆಲಸ ಬಿಟ್ಟೇ ಒಂಬತ್ತು ವರ್ಷವಾಗಿತ್ತು. ಮೂರು ವಾರದಿಂದ ಅವರ ಕಿಟಕಿ ಮುಚ್ಚಿದ್ದನ್ನು ಟೈಲರಕ್ಕ ನೋಡಿದ್ದಳು. ಯಾರನ್ನು ಕೇಳುವುದು, ಯಾವ ಹಕ್ಕಿನಿಂದ ಕೇಳುವುದು ಎಂದು ತಿಳಿಯದೆ ಮಷಿನ್ ತುಳಿಯುತ್ತಿದ್ದಳು.

ಇಪ್ಪತ್ತೆರಡು ವರ್ಷದ ಹಿಂದೆ ಒಂದೇ ಒಂದು ಸಲ ಮೇಸ್ತ್ರಿ ಅಂಗಡಿಯೊಳಗೆ ಬಂದಿದ್ದರು. ಅಂಗಿ ಹೊಲಿಸಲು. ಎದೆಯ ಸುತ್ತ ಟೇಪು ಹಿಡಿದವಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದೇ ಇದ್ದಳು. ಅವರು ಮೇಲೆ ಎಲ್ಲೋ ನೋಡುತ್ತಾ, “ಅಷ್ಟೊಂದು ದಪ್ಪ ಇದ್ದೀನಾ?” ಎಂದಿದ್ದರು. ಅವಳು ನಕ್ಕು, ಟೇಪು ಬೀಳಿಸಿ, ಎದೆಯ ಅಳತೆಯನ್ನು ಎರಡನೇ ಸಲ ತೆಗೆದಿದ್ದಳು. ಆ ಎರಡನೇ ಸಲದ ಅವಶ್ಯಕತೆ ಏನೂ ಇರಲಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು.

ಅಂಗಿ ಒಯ್ಯಲು ಬಂದವರು ಬಾಗಿಲಾಚೆಯೇ ನಿಂತರು. ಅಲ್ಲಿಂದಾಚೆ ಯಾವಾಗಲೂ ಬಾಗಿಲಾಚೆಯೇ. ಚೆನ್ನಾಗಿದ್ದೀರಾ, ಚೆನ್ನಾಗಿದ್ದೀನಿ, ಸೆಕೆ ಜಾಸ್ತಿ. ಅವರ ಕೆಲಸದ ಅಂಗಿಗೆ ಒಂದೊಂದು ಗುಂಡಿ ಒಂದೊಂದು ಬಣ್ಣದ ದಾರದಲ್ಲಿ ಅಡ್ಡಾದಿಡ್ಡಿ ಕೂತಿರುತ್ತಿತ್ತು. ಎದುರಿಗೇ ಟೈಲರ್ ಇದ್ದೂ ಈ ಮನುಷ್ಯ ತಾನೇ ಹೊಲಿದುಕೊಳ್ಳುತ್ತಾನಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. “ಕೊಡಿ, ಎರಡು ನಿಮಿಷದ ಕೆಲಸ” ಎಂದರೆ ಹಾವು ಕಂಡವರಂತೆ ಹಿಂದೆ ಸರಿಯುತ್ತಿದ್ದರು. ತನ್ನನ್ನು ಕಂಡರೆ ಆಗದು ಎಂದೇ ಅವಳು ತೀರ್ಮಾನಿಸಿದ್ದಳು. ಆದರೂ ಅವರು ಅಂಗಡಿ ಮುಂದೆ ಹಾದುಹೋಗುವ ಸಂಜೆ ಐದೂವರೆಗೆ ಕನ್ನಡಿ ನೋಡಿಕೊಳ್ಳುವುದನ್ನು ಬಿಟ್ಟಿರಲಿಲ್ಲ.

ಆಸ್ಪತ್ರೆಯಲ್ಲಿ ಮೇಸ್ತ್ರಿ ದಿಂಬಿಗೊರಗಿ ಕೂತಿದ್ದರು. ಮೂಗಿಗೆ ಆಕ್ಸಿಜನ್ ನಳಿಕೆ. ಅರ್ಧಕ್ಕರ್ಧ ಇಳಿದುಹೋಗಿದ್ದರು. ಅವಳನ್ನು ಕಂಡ ಕೂಡಲೇ ಕೂದಲು ಸರಿಮಾಡಿಕೊಳ್ಳಲು ಕೈ ಎತ್ತಿದರು.

“ಕೇಳದೆ ಹೆಸರು ಬರೆಸೋದಾ?”

“ಕೇಳಿದ್ರೆ ಬೇಡ ಅಂದ್ಬಿಡ್ತೀರೇನೋ ಅಂತ.”

“ಬೇರೆ ಯಾರೂ ಸಿಗಲಿಲ್ವಾ?”

ಅವರು ಉಸಿರು ಒಟ್ಟುಮಾಡಿಕೊಂಡು ಹೇಳಿದರು. “ಹುಡುಕಲಿಲ್ಲ.”

ಸಿಸ್ಟರ್ ಒಂದೊಂದಾಗಿ ಓದಿ ಹೇಳಿದಳು. ಶ್ವಾಸಕೋಶದ ಹೊರಪೊರೆಯ ಕ್ಯಾನ್ಸರ್, ಆಸ್ಬೆಸ್ಟಾಸ್ ಧೂಳಿನಿಂದ ಬಂದದ್ದು. ಗುಣವಾಗುವ ಹಂತ ದಾಟಿದೆ. ಇನ್ನು ಕೆಲವು ವಾರ. ಗಂಟಲಿಗೆ ನಳಿಕೆ ಬೇಡ, ಉಸಿರಾಡಿಸುವ ಮಷಿನ್ ಬೇಡ, ನೋವಿಗೆ ಮತ್ತು ಉಬ್ಬಸಕ್ಕೆ ಔಷಧಿ ಮಾತ್ರ ಬೇಕು ಎಂದು ಮೇಸ್ತ್ರಿ ಬರೆಸಿದ್ದಾರೆ. ಕೊನೆಯ ದಿನಗಳು ಎಲ್ಲಿ ಎಂಬುದರ ಮುಂದೆ ‘ಆಸ್ಪತ್ರೆ’ ಎಂದಿತ್ತು.

“ಇದ್ಯಾಕೆ?”

“ಮೂರು ಮಹಡಿ ಹತ್ತೋಕಾಗುತ್ತಾ ನಂಗೆ?”

“ನನ್ನದು ನೆಲದ ಮೇಲೇ ಇದೆಯಲ್ಲ. ಅಂಗಡಿ ಹಿಂದಿನ ಕೋಣೆ.”

ಮೇಸ್ತ್ರಿ ಮುಖ ತಿರುಗಿಸಿದರು. ಇವರ ಜೊತೆ ಮೆತ್ತಗೆ ಮಾತಾಡಿ ಪ್ರಯೋಜನವಿಲ್ಲ ಎನಿಸಿತು ಟೈಲರಕ್ಕನಿಗೆ.

“ಒಂದು ಗುಂಡಿ ಹಾಕೋಕೂ ಬಿಡದವರು, ಸಾಯೋವಾಗ ಸಹಿ ಹಾಕು ಅಂತೀರಿ. ನಾನೇನು ಮಾಡಿದ್ದೆ ನಿಮಗೆ?”

ಅವರು ಮೂಗಿನ ನಳಿಕೆಯನ್ನು ಸರಿಮಾಡಿಕೊಂಡರು. ಆಮೇಲೆ ನಿಲ್ಲಿಸಿ ನಿಲ್ಲಿಸಿ ಹೇಳಿದರು. “ನೀವು ಅಳತೆ ತೆಗೆದ ವಾರವೇ... ನನ್ನ ಜೊತೆಗಾರನ ಹೆಂಡತಿ ತೀರಿಕೊಂಡ್ರು. ಯಾರ್ಡಿಗೆ ಕಾಲಿಟ್ಟವರಲ್ಲ. ಗಂಡನ ಬಟ್ಟೆ ಕೊಡವಿ ಒಗೀತಿದ್ರು, ಅಷ್ಟೇ. ಇದೇ ಕಾಯಿಲೆ. ಧೂಳು ಬಟ್ಟೇಲಿ ಮನೆಗೆ ಹೋಗಿತ್ತು. ನಿಮ್ಮನ್ನ ಮದುವೆಗೆ ಕೇಳೋಕೆ ಬರಬೇಕು ಅಂತ ಭಾನುವಾರ ಗೊತ್ತುಮಾಡಿಕೊಂಡಿದ್ದೆ. ಬರಲಿಲ್ಲ.”

ಅವಳು ಕೂತಲ್ಲೇ ಕೂತಳು. ಆ ಅಂಗಿಗಳು, ಆ ಬಾಗಿಲು, ಹಿಂದೆ ಸರಿಯುತ್ತಿದ್ದ ಆ ಹೆಜ್ಜೆ, ಎಲ್ಲವೂ ಬೇರೆಯಾಗಿ ಕಂಡವು. ಅಳು ಬಂತು. ಅದಕ್ಕಿಂತ ಮೊದಲು ಸಿಟ್ಟು ಬಂತು.

“ಕೆಲಸ ಬಿಟ್ಟು ಒಂಬತ್ತು ವರ್ಷ ಆಯ್ತಲ್ಲ. ಆಮೇಲೆ?”

“ಆಗಲೇ ಕೆಮ್ಮು ಶುರುವಾಗಿತ್ತು. ಬಂದು, ಆಸೆ ತೋರಿಸಿ, ಬಿಟ್ಟು ಹೋಗೋದು ಯಾಕೆ ಅಂತ...”

“ನನ್ನ ಪರವಾಗಿ ನೀವೇ ತೀರ್ಮಾನ ಮಾಡ್ಬಿಟ್ರಿ. ಸರಿ. ಈಗ ನಿಮ್ಮ ಪರವಾಗಿ ತೀರ್ಮಾನ ಮಾಡೋಳು ನಾನು. ಸಿಸ್ಟರ್, ಅಲ್ಲಿ ‘ಆಸ್ಪತ್ರೆ’ ಹೊಡೆದು ಹಾಕಿ.”

ಸಿಸ್ಟರ್ ತುಟಿ ಕಚ್ಚಿ ನಗು ತಡೆದಳು. “ಅದು ಅವರಿಗೆ ಮಾತಾಡೋಕಾಗದೆ ಹೋದ್ರೆ ಮಾತ್ರ, ಅಕ್ಕ.”

“ಇಪ್ಪತ್ತೆರಡು ವರ್ಷದಿಂದ ಮಾತಾಡಿಲ್ಲ. ಸಾಲದಾ?”

ಮೇಸ್ತ್ರಿ ನಕ್ಕರು. ನಗು ಕೆಮ್ಮಾಯಿತು, ಕೆಮ್ಮು ತಡೆಯಲಾರದ್ದಾಯಿತು. ಅವಳು ಎದ್ದು ಅವರ ಬೆನ್ನಿಗೆ ಅಂಗೈ ಇಟ್ಟಳು. ಅಭ್ಯಾಸಬಲದಿಂದ ಅವರು ಸರಿಯಲು ನೋಡಿದರು. “ಇದು ಅಂಟೋ ಕಾಯಿಲೆ ಅಲ್ಲ, ಮೇಸ್ತ್ರಿ. ಧೂಳೂ ಈಗಿಲ್ಲ” ಎಂದಳು ಸಿಸ್ಟರ್. ಆಮೇಲೆ ಅವರು ಸರಿಯಲಿಲ್ಲ.

“ಒಂದು ಮಾತು ಕೊಟ್ರೆ ಬರ್ತೀನಿ” ಎಂದರು ಉಸಿರು ಸಿಕ್ಕಮೇಲೆ. “ಉಬ್ಬಸ ಜೋರಾದಾಗ ಹೆದರಿ ಆಂಬುಲೆನ್ಸ್ ಕರೆಯಬಾರದು.”

ಕೊಟ್ಟಳು. ಕೊಡುವುದು ಸುಲಭವಿತ್ತು.

ಕತ್ತರಿಸುವ ಮೇಜು ಅಂಗಡಿಯ ಮುಂಭಾಗಕ್ಕೆ ಬಂತು, ಕೋಣೆಗೆ ಮಂಚ ಬಂತು, ದಿನ ಬಿಟ್ಟು ದಿನ ಸಿಸ್ಟರ್ ಬಂದು ನೋಡಿ ಹೋಗುತ್ತಿದ್ದಳು. ಹತ್ತೊಂಬತ್ತು ದಿನ ಅವಳು ಹೊಲಿದಳು, ಅವರು ನೋಡಿದರು. “ಆ ತೋಳು ಸೊಟ್ಟ ಆಯ್ತು” ಎಂದರೆ, “ಗುಂಡಿ ಹಾಕೋಕೆ ಬಾರದವರು ಹೇಳೋದು ಬೇರೆ” ಎಂದಳು. ಹಗಲೆಲ್ಲ ಅವರ ಕಣ್ಣು ತನ್ನ ಕುತ್ತಿಗೆಯ ಮೇಲಿದೆ ಎಂದು ತಿರುಗದೆಯೂ ಗೊತ್ತಾಗುತ್ತಿತ್ತು. ತಿರುಗಿದರೆ ಅವರು ಗೋಡೆ ನೋಡುತ್ತಿದ್ದರು. ಅರವತ್ತು ದಾಟಿದ ಮನುಷ್ಯ ಹೀಗೆ ಕಳ್ಳನೋಟ ನೋಡುವುದು ಅವಳಿಗೆ ಹಿತವಾಗಿತ್ತು, ಇದು ಮೊದಲೇ ಸಿಗಬೇಕಿತ್ತು ಎಂದೂ ಅನಿಸುತ್ತಿತ್ತು.

ಇಪ್ಪತ್ತನೆಯ ಬೆಳಿಗ್ಗೆ ಉಬ್ಬಸ ಬಂತು. ಮೇಸ್ತ್ರಿ ಮಂಚದ ಅಂಚನ್ನು ಹಿಡಿದು ಬಾಯಿ ತೆರೆದಿದ್ದರು, ತುಟಿ ನೀಲಿಯಾಗಿತ್ತು. ಟೈಲರಕ್ಕ ಕಿಟಕಿ ತೆರೆದಳು, ಫ್ಯಾನು ಮುಖಕ್ಕೆ ತಿರುಗಿಸಿದಳು, ಸಿಸ್ಟರ್ ಕಲಿಸಿದಷ್ಟೇ ಔಷಧಿಯನ್ನು ಬಾಯಿಗೆ ಹಾಕಿದಳು. ಸಿಸ್ಟರಿಗೆ ಫೋನು ಮಾಡಿದಳು, ಅರ್ಧ ಗಂಟೆಯಲ್ಲಿ ಬರುತ್ತೇನೆಂದಳು ಆಕೆ. ಫೋನು ಕೈಯಲ್ಲೇ ಇತ್ತು. ಬೆರಳು ಆಂಬುಲೆನ್ಸಿನ ನಂಬರಿಗೆ ಹೋಯಿತು.

ಅವರು ನೋಡಿದರು. ತಡೆಯಲು ಶಕ್ತಿಯಿರಲಿಲ್ಲ, ನೋಡಿದರು ಅಷ್ಟೇ.

“ಇನ್ನೊಂದು ವಾರ ಸಿಗುತ್ತೆ” ಎಂದಳು ಅಳುತ್ತಾ. “ಒಂದೇ ಒಂದು ವಾರ. ನಂಗೆ ಸಾಕಾಗಿಲ್ಲ.”

“ಸಿಗುತ್ತೆ” ಎಂದರು ಒಂದೊಂದೇ ಮಾತು ಎಳೆದು. “ಮಷಿನ್ ಜೊತೆ. ನಿಮ್ಮ ಜೊತೆ ಅಲ್ಲ.”

ಅವಳು ಫೋನನ್ನು ಬಟ್ಟೆಯ ರಾಶಿಯೊಳಗೆ ತೂರಿಸಿಟ್ಟಳು. ಮಂಚ ಹತ್ತಿ ಅವರ ಬೆನ್ನ ಹಿಂದೆ ಕೂತು, ಎರಡೂ ಕೈಯಿಂದ ಸುತ್ತಿ ಹಿಡಿದಳು. ಔಷಧಿ ಹಿಡಿಯುತ್ತಾ ಬಂದಂತೆ ಉಸಿರಿನ ಒದ್ದಾಟ ನಿಧಾನವಾಯಿತು. ಪಕ್ಕೆಲುಬುಗಳು ಕೈಗೆ ಸಿಗುತ್ತಿದ್ದವು. ತಲೆ ಅವಳ ಹೆಗಲಿಗೆ ಬಂತು, ಆದರೆ ಪೂರ್ತಿ ಭಾರ ಬಿಡಲಿಲ್ಲ.

“ನೋವಾಗುತ್ತೆ ನಿಮಗೆ” ಎಂದರು.

“ನಿಮ್ಮನ್ನ ಪ್ರೀತಿಸ್ತೀನಿ ನಾನು. ಅಳತೆ ತೆಗೆದ ದಿನದಿಂದ.”

“ಗೊತ್ತು. ಎರಡನೇ ಸಲ... ಯಾಕೆ ತೆಗೆದ್ರಿ ಅಂತ ಗೊತ್ತು.” ಉಸಿರು ಎಳೆದುಕೊಂಡು, “ನಾನೂ ಅಂದಿನಿಂದಲೇ.”

“ಹಾಗಾದ್ರೆ ಇನ್ನೂ ಹತ್ತಿರ ಬನ್ನಿ.”

ಮೇಸ್ತ್ರಿ ಅಂಚು ಹಿಡಿದಿದ್ದ ಕೈ ಬಿಟ್ಟು, ತಮ್ಮ ಇಡೀ ಭಾರವನ್ನು ಅವಳ ಮೇಲೆ ಹಾಕಿ ಒರಗಿದರು.