ಬೆಳ್ಳಿ ಹೆಲ್ಮೆಟ್ಟಿನ ಹಾಡು

ತಾಳದ ಯಂತ್ರ ಮಾಯವಾಗಿತ್ತು.

ಮೇಕಪ್ ಕೋಣೆಯ ಮೇಜಿನಿಂದ ಅದರ ವೈರ್ ಮಾತ್ರ ನೇತಾಡುತ್ತಿತ್ತು. ಹಾಡುಗಾರ ಎಡ್ಮುಂದೋ ನೇರಳೆ ಕೋಟಿನಲ್ಲೇ ಕುಸಿದು ಕುಳಿತ.

ಲಿಮಾದ ಬ್ರೆನ್ಯಾ ಬಡಾವಣೆಯ ಆ ಹೋಟೆಲಿನಲ್ಲಿ ಭಾನುವಾರ ಮಧ್ಯಾಹ್ನದ ಕಾರ್ಯಕ್ರಮ ಆಗಷ್ಟೇ ಮುಗಿದಿತ್ತು. ಐವತ್ತು ದಾಟಿದ ನಾಲ್ವರು ಗಂಡಸರು ಕಣ್ಣಿಗೆ ಕಾಡಿಗೆ ಬಳಿದುಕೊಂಡು, ಕೂದಲನ್ನು ಪೊರಕೆಯಂತೆ ನಿಲ್ಲಿಸಿಕೊಂಡು ಎಂಬತ್ತರ ದಶಕದ ನ್ಯೂ ವೇವ್ ರಾಕ್ ಹಾಡುಗಳನ್ನು ನುಡಿಸುತ್ತಾರೆ. ಕೇಳುವವರದ್ದೂ ಅದೇ ವಯಸ್ಸು. ಸೋಮವಾರ ಕೆಲಸ, ಜೊತೆಗೆ ಮಂಡಿನೋವು. ಅದಕ್ಕೇ ಮಧ್ಯಾಹ್ನದ ಆಟ. ನಗಬೇಡಿ, ತಡವಾಗಿ ಹೋದರೆ ಕುರ್ಚಿ ಸಿಗುವುದಿಲ್ಲ.

ಸಬ್ ಇನ್‌ಸ್ಪೆಕ್ಟರ್ ಎಲ್ವಿರಾ ಪಾಚಾಸ್ ಬಂದರು. ಅವರೂ ಒಂದು ಕಾಲಕ್ಕೆ ಇದೇ ಹಾಡುಗಳಿಗೆ ಕುಣಿದವರು. ಬೀಗ ನೋಡಿದರು. ಒಡೆದಿರಲಿಲ್ಲ.

"ಕೀಲಿ ಯಾರ ಹತ್ರ?"

"ನನ್ ಹತ್ರ," ಎಂದಳು ನಿಲ್ಡಾ. ತಂಡಕ್ಕೆ ಬಣ್ಣ ಹಚ್ಚುವವಳು. "ಅಡುಗೆಮನೆ ಬಾಗಿಲ ಮೊಳೆಗೆ ಹಾಕಿರ್ತೀನಿ. ಬ್ಯಾಂಡಿನವರಿಗೆಲ್ಲ ಗೊತ್ತು."

"ಬ್ಯಾಂಡಿನವರೆಲ್ಲ ಸ್ಟೇಜ್ ಮೇಲಿದ್ವಲ್ಲ, ಮೇಡಂ," ಎಂದ ಎಡ್ಮುಂದೋ, ನಿಲ್ಡಾಳ ಮುಖ ನೋಡದೆ. "ನಾನು ಕಂಪ್ಲೇಂಟ್ ಕೊಡ್ತೀನಿ."

ನಿಲ್ಡಾಳ ಮುಖ ಬಿಳಿಚಿತು. ಆ ಸಂಜೆಯ ಬಸ್ಸಿಗೆ ಅವಳು ಗಡಿ ದಾಟಿ ಅರಿಕಾಕ್ಕೆ ಹೊರಟಿದ್ದಳು. ಅಲ್ಲಿ ಮಗಳಿಗೆ ಇವತ್ತೋ ನಾಳೆಯೋ ಹೆರಿಗೆ. ಕೇಸಾದರೆ ಗಡಿಯಲ್ಲೇ ತಡೆಯುತ್ತಾರೆ.

"ಮೇಡಂ, ನನ್ ಮಗಳು ಒಬ್ಳೇ ಇದಾಳೆ," ಎಂದಳು.

*

ಎದುರಾಳಿ ತಂಡದ ಹಾಡುಗಾರನೊಬ್ಬ ದೊಡ್ಡ ಚೀಲ ಹಿಡಿದು ಸಭೆಯಲ್ಲಿ ಕೂತಿದ್ದ. ಎಲ್ವಿರಾ ಚೀಲ ಬಿಚ್ಚಿಸಿದರು. ಒಳಗೆ ಒಂದು ವಿಗ್ ಇತ್ತು. ಪಾಪ, ಅವನು ನಾಚಿಕೆಯಿಂದ ಕೆಂಪಾದ.

"ಯಂತ್ರ ಕೊನೇಲಿ ಕಂಡಿದ್ದು ಯಾವಾಗ?"

"ಹೆಲ್ಮೆಟ್ ಹಾಡಿಗೆ ಮುಂಚೆ," ಎಂದಳು ನಿಲ್ಡಾ. "ಆ ಹಾಡು ನೋಡೋಕೆ ಅಡುಗೆಯವರೂ ಹೊರಗೆ ಬರ್ತಾರೆ. ನಾನೂ ಹೋದೆ."

"ಅದೇನು ಅಂಥಾ ಹಾಡು?"

ಎಡ್ಮುಂದೋ ದುಃಖದಲ್ಲೂ ಉಬ್ಬಿದ. "ಆಗ ಟೀವಿಲಿ ಎಲ್ರೂ ಕ್ಯಾಸೆಟ್ ಹಾಕಿ ಹಾಡೋ ಹಾಗೆ ಬರೀ ತುಟಿ ಆಡಿಸ್ತಿದ್ರಲ್ಲ? ಅದರ ಅಣಕ. ನಾಲ್ಕೂ ಜನ ಮುಖ ಪೂರ್ತಿ ಮುಚ್ಚೋ ಬೆಳ್ಳಿ ಹೆಲ್ಮೆಟ್ ಹಾಕ್ಕೊಂಡು ನುಡಿಸೋ ಹಾಗೆ ನಾಟಕ ಮಾಡ್ತೀವಿ. ಬೇಕಂತಲೇ ಕೆಟ್ಟದಾಗಿ. ನಾನು ಮೈಕ್ ತಲೆಕೆಳಗೆ ಹಿಡೀತೀನಿ. ಫೆರ್ಮಿನ್ ಡ್ರಮ್ ಬಿಟ್ಟು ಹೆಲ್ಮೆಟ್ ಸಂದಿಯಿಂದ ಪಾಪ್‌ಕಾರ್ನ್ ತುರುಕ್ಕೋತಾನೆ. ಜನ ಬಿದ್ದು ಬಿದ್ದು ನಗ್ತಾರೆ."

"ಇವತ್ತೂ ನಕ್ರಾ?"

"ಇವತ್ತು ಸ್ವಲ್ಪ ಸಪ್ಪೆ," ಎಂದ ಎಡ್ಮುಂದೋ.

ಎಲ್ವಿರಾ ಪ್ರೇಕ್ಷಕರೊಬ್ಬರ ಮೊಬೈಲಿನಲ್ಲಿ ಆ ಹಾಡನ್ನು ಎರಡು ಸಲ ನೋಡಿದರು. ಆಮೇಲೆ ಡ್ರಮ್ ಬಾರಿಸುವ ಫೆರ್ಮಿನ್ ಕಡೆ ತಿರುಗಿದರು. ಅವನ ಕಾಡಿಗೆ ಬೆವರಿಗೆ ಕೆನ್ನೆಗಿಳಿದಿತ್ತು.

"ಆ ಯಂತ್ರ ಏನ್ ಮಾಡತ್ತಪ್ಪಾ?"

"ಡ್ರಮ್ ಬಾರಿಸತ್ತೆ," ಎಂದ ಫೆರ್ಮಿನ್. "ತನ್ನಷ್ಟಕ್ಕೆ."

"ನೀನಿರುವಾಗ ಅದ್ಯಾಕೆ?"

ಎಡ್ಮುಂದೋ ನೆಲ ನೋಡಿದ. ಫೆರ್ಮಿನ್ ಭುಜ ಉಜ್ಜಿಕೊಂಡ.

"ಇಲ್ಲಿ ಡ್ರಮ್ ಗೊತ್ತಿರೋರು ಬೇರೆ ಯಾರಿದಾರೆ?"

"ಫೆರ್ಮಿನ್ ಬಾಮೈದ ರುಫೋ," ಎಂದಳು ನಿಲ್ಡಾ. "ದೇವರ ಮೆರವಣಿಗೆ ಬ್ಯಾಂಡಲ್ಲಿ ಬಾರಿಸ್ತಾನೆ. ಅಲ್ಲೇ ತಿಂತಾ ಕೂತಿದಾನೆ."

*

ರುಫೋ ಬಾಯಲ್ಲಿದ್ದ ಸುಟ್ಟ ಮಾಂಸವನ್ನು ನುಂಗಿಕೊಂಡು ಬಂದ.

"ಹೆಲ್ಮೆಟ್ ಹಾಕ್ಕೊಂಡು ಬಾರಿಸಿದ್ದು ನೀನೇನಾ?"

"ಹೌದು ಮೇಡಂ. ಹೊಟ್ಟೆ ಕೆಟ್ಟಿದೆ, ಒಂದ್ ಹಾಡಿಗೆ ಕೂತ್ಕೋ ಅಂದ ಭಾವ. ಯಾಕೆ, ತಪ್ಪಾಯ್ತಾ? ಒಂದ್ ಏಟೂ ತಪ್ಪಿರ್ಲಿಲ್ವಲ್ಲ!"

"ಅದೇ ತಪ್ಪು," ಎಂದರು ಎಲ್ವಿರಾ. "ಉಳಿದ ಮೂವರು ಮಂಗಾಟ ಆಡ್ತಿದಾರೆ. ಇವನೊಬ್ಬ ಮಾತ್ರ ಪಾಪ್‌ಕಾರ್ನ್ ಮುಟ್ಟಿಲ್ಲ, ಪ್ರತಿ ಏಟೂ ಕ್ಯಾಸೆಟ್ಟಿಗೆ ಸರಿಯಾಗಿ. ದೇವರ ಮುಂದೆ ಬಾರಿಸೋ ಕೈಗೆ ತಪ್ಪು ಬಾರಿಸೋದು ಹೇಗೆ ಗೊತ್ತಿರತ್ತೆ? ಹೆಲ್ಮೆಟ್ ಒಳಗೆ ಇವನಿದ್ದ ಮೇಲೆ, ಫೆರ್ಮಿನ್, ನೀನೆಲ್ಲಿದ್ದೆ? ಸ್ಟೇಜ್ ಹಿಂದೆ ಯಾರೂ ಇಲ್ಲ. ಕೀಲಿ ಎಲ್ಲಿರತ್ತೆ ಅಂತ ನಿಂಗೊತ್ತು. ಆ ಯಂತ್ರದಿಂದ ಕೆಲಸ ಹೋಗೋದೂ ನಿಂದೇ."

ಫೆರ್ಮಿನ್ ಕುಳಿತುಬಿಟ್ಟ.

"ಟೆರೇಸಲ್ಲಿದೆ. ನೀರಿನ ಟ್ಯಾಂಕ್ ಹಿಂದೆ," ಎಂದ. "ಭುಜ ಹೋಗಿದೆ ನಂದು. ಎಡ್ಮುಂದೋ ಬಾಯಿಬಿಟ್ಟು ಹೇಳ್ಲಿಲ್ಲ, ಯಂತ್ರ ತಂದಿಟ್ಟ. ಈ ಡ್ರಮ್ ಬಿಟ್ರೆ ನಾನ್ಯಾರು?"

"ಹೇಳೋಕೆ ಧೈರ್ಯ ಬರ್ಲಿಲ್ಲ ಕಣೋ," ಎಂದ ಎಡ್ಮುಂದೋ. ಅವನ ಕಣ್ಣು ತುಂಬಿತ್ತು. "ಕಂಪ್ಲೇಂಟ್ ಬೇಡ ಮೇಡಂ."

"ಬೇಡ ಅಂದ್ರೂ ಹೇಳಿಕೆ ಬರೆದುಕೊಡೋಕೆ ಫೆರ್ಮಿನ್ ಸ್ಟೇಷನ್ನಿಗೆ ಬರ್ಬೇಕು. ನಿಲ್ಡಾ, ನೀವು ಹೊರಡಿ. ಬಸ್ ಹೋಗ್ಬಿಡತ್ತೆ."

ನಿಲ್ಡಾ ಹೊರಡಲಿಲ್ಲ. ಹತ್ತಿ ತೆಗೆದುಕೊಂಡು ಫೆರ್ಮಿನ್ ಎದುರು ನಿಂತಳು. ಅವನು ತಲೆಯೆತ್ತಲಿಲ್ಲ.

"ಎರಡು ದಿನದಲ್ಲಿ ನಿನ್ನ ಬಿಟ್ಬಿಡ್ತಾರೆ ಅಂದ್ಕೊಂಡೆ, ನಿಲ್ಡಕ್ಕ."

"ಹೆರಿಗೆ ಎರಡು ದಿನ ಕಾಯತ್ತಾ? ಮುಖ ಎತ್ತು. ಈ ವೇಷದಲ್ಲಿ ಸ್ಟೇಷನ್ನಿಗೆ ಹೋಗ್ಬೇಡ."

ಅವನ ಕಾಡಿಗೆಯನ್ನು ಎಂದಿನಷ್ಟೇ ಹಗುರವಾಗಿ ಒರೆಸಿದಳು. ಬಣ್ಣ ಹೋದ ಮೇಲೆ ಸುಸ್ತಾದ, ವಯಸ್ಸಾದ ಒಬ್ಬ ಗಂಡಸು ಉಳಿದ.

"ಮಗು ಹುಟ್ಟಿದ ತಕ್ಷಣ ಎಲ್ರಿಗೂ ಫೋನ್ ಮಾಡ್ತೀನಿ," ಎಂದಳು, ಚೀಲ ಹೆಗಲಿಗೇರಿಸುತ್ತ. "ನಿಂಗೆ ಮಾತ್ರ ಮಾಡಲ್ಲ."